ತಂಗಿಯ ಮಕ್ಕಳು, ನನ್ನ ರೊಟ್ಟಿ ಒಲೆ

ನಾನು ಕಲಬುರಗಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ತಂಗಿಯ ಗಂಡ ಮೊದಲೇ ತೀರಿಕೊಂಡಿದ್ದ. ತಂಗಿಯೂ ಹೋದ ಮೇಲೆ ಚಿತ್ತಾಪುರ ಕಡೆಯ ಹಳ್ಳಿಯಿಂದ ಅವಳ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದೆ. ದೊಡ್ಡವಳಿಗೆ ಆರು ವರ್ಷ. ಸಣ್ಣವನಿಗೆ ಆಗಷ್ಟೇ ಒಂದು ತುಂಬಿತ್ತು.

ದೊಡ್ಡವಳನ್ನು ಸರ್ಕಾರಿ ಶಾಲೆಗೆ ಹಾಕಿದೆ, ಅವಳ ಚಿಂತೆ ಇರಲಿಲ್ಲ. ಸಣ್ಣವನದೇ ಫಜೀತಿ. ಉರಿಯುವ ಒಲೆ ಮುಂದೆ ತಪ್ಪು ಹೆಜ್ಜೆ ಹಾಕುವ ಕೂಸನ್ನು ಬಿಟ್ಟುಕೊಂಡು ರೊಟ್ಟಿ ಬಡಿಯಲು ಆಗುತ್ತದಾ? ಅಂಗನವಾಡಿಯಲ್ಲಿ ಕೂರಿಸಬೇಕು ಅಂದರೆ ಮೂರು ತುಂಬಬೇಕು. ಊರಲ್ಲೇ ಇದ್ದಿದ್ದರೆ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಂಚಾಯಿತಿಯ ಕೂಸಿನ ಮನೆ ಸಿಗುತ್ತಾ ಅಂತ ವಿಚಾರಿಸಬಹುದಿತ್ತು. ಪಕ್ಕದ ಮನೆ ಅಜ್ಜಿಗೆ ತಿಂಗಳಿಗೆ 1,500 ಕೊಡುತ್ತೇನೆ ಅಂತ ಹೇಳಿ ಬಿಟ್ಟೆ.

ದಾರಿ ತೋರಿಸಿದ್ದು ಅಂಗನವಾಡಿ ಟೀಚರ್. ಮಕ್ಕಳ ರಕ್ಷಣೆಗೆ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ತಿಂಗಳ ನೆರವು ಇದೆ, ತಂದೆತಾಯಿ ಇಲ್ಲದೆ ಸಂಬಂಧಿಕರ ಮನೆಯಲ್ಲಿ ಬೆಳೆಯುವ ಮಕ್ಕಳಿಗೂ ಕೊಡುತ್ತಾರೆ ಅಂದರು. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ, 18 ವರ್ಷದವರೆಗೆ. ಮನೆಯ ವರ್ಷದ ಆದಾಯ ನಗರದಲ್ಲಿ 96,000, ಹಳ್ಳಿಯಲ್ಲಿ 72,000 ದಾಟಿರಬಾರದು. ಅಲ್ಲಿಯವರೆಗೆ ನಾನು ಇಂಥ ಮಕ್ಕಳಿಗೆ ಹಾಸ್ಟೆಲ್ ಒಂದೇ ಗತಿ ಅಂದುಕೊಂಡಿದ್ದೆ.

ಆಧಾರ್, ರೇಷನ್ ಕಾರ್ಡ್, ಶಾಲೆಯ ಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಮಕ್ಕಳ ಹೆಸರಿನ ಬ್ಯಾಂಕ್ ಖಾತೆ. ಇವೆಲ್ಲ ವಾರದಲ್ಲಿ ಆದವು. ಸಿಕ್ಕಿಬಿದ್ದಿದ್ದು ತಂಗಿಯ ಮರಣ ಪತ್ರದಲ್ಲಿ. ಅವಳು ಮನೆಯಲ್ಲೇ ಹೋಗಿದ್ದಳು. ದುಃಖದಲ್ಲಿ ಅದನ್ನು ಬರೆಸಬೇಕು ಅಂತ ಯಾರಿಗೆ ನೆನಪಿರುತ್ತದೆ? 21 ದಿನದೊಳಗೆ ಹೇಳಿದ್ದರೆ ಸುಮ್ನೆ ಆಗಿ ಹೋಗುತ್ತಿತ್ತು. ನಾನು ಹೋದಾಗ ಒಂದು ವರ್ಷ ದಾಟಿತ್ತು. ಇನ್ನು ಮ್ಯಾಜಿಸ್ಟ್ರೇಟ್ ಆದೇಶ ಬೇಕು ಅಂದರು. ಚಿತ್ತಾಪುರಕ್ಕೆ ಎಷ್ಟು ಸಲ ಓಡಾಡಿದೆನೋ! ಒಂದು ಸಲ ಹೋದರೆ ಆ ದಿನದ 150 ರೊಟ್ಟಿಯ ದುಡಿಮೆ ಹೋಯಿತು ಅಂತಲೇ ಲೆಕ್ಕ. ಈ ನಡುವೆ ಒಬ್ಬ ಏಜೆಂಟ್ ಅರ್ಜಿ ತುಂಬಿಕೊಡುತ್ತೇನೆ ಅಂತ 800 ರೂಪಾಯಿ ಕಿತ್ತುಕೊಂಡ. ಅರ್ಜಿಗೆ ದುಡ್ಡೇ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಪತ್ರ ಕೈಗೆ ಬಂದ ಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಟ್ಟೆ. ಒಬ್ಬರು ಮನೆ ನೋಡಲು ಬಂದರು. ಮಕ್ಕಳು ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಅಂತ ಕೇಳಿದರು. ಸಣ್ಣವ ಮುಖಕ್ಕೆಲ್ಲ ಹಿಟ್ಟು ಬಳಿದುಕೊಂಡು ಬಂದು ಅವರ ತೊಡೆಯ ಮೇಲೆ ಕೂತುಬಿಟ್ಟ. ನಾನು ಗಾಬರಿಯಾದೆ, ಅವರು ನಕ್ಕರು. ನಂತರ ಸಮಿತಿಯಲ್ಲಿ ಮಂಜೂರಾಯಿತು.

‘ಸ್ವಂತ ತಂಗಿ ಮಕ್ಕಳನ್ನ ಸಾಕಲಿಕ್ಕೆ ಸರ್ಕಾರದ ರೊಕ್ಕ ಬೇಕಾ’ ಅಂತ ಬೀಗರು ಚುಚ್ಚಿದರು. ಅಷ್ಟು ಮಾತಾಡಿದವರಲ್ಲಿ ಒಬ್ಬರಾದರೂ ಒಂದು ಲೀಟರ್ ಹಾಲು ತಂದುಕೊಟ್ಟಿರಲಿಲ್ಲ, ಅಲ್ವಾ?

ತಮಾಷೆ ಅಂದರೆ, ರೊಕ್ಕ ಬರುವಷ್ಟರಲ್ಲಿ ಸಣ್ಣವನಿಗೆ ಮೂರು ತುಂಬಿ ಅಂಗನವಾಡಿಗೆ ಹೋಗುತ್ತಿದ್ದ. ಆದರೂ ಸಂಜೆ ಒಲೆ ಹಚ್ಚುವಾಗ ಅಜ್ಜಿಯೇ ಬೇಕು. ಆಕೆಯ ನಾಲ್ಕು ತಿಂಗಳ ಬಾಕಿ ಹಾಗೇ ಉಳಿದಿತ್ತು. ಬ್ಯಾಂಕಿನಿಂದ ನೇರ ಅವರ ಮನೆಗೇ ಹೋದೆ. ಅಜ್ಜಿ ಎರಡು ಸಲ ಎಣಿಸಿದಳು. ನೂರರ ಒಂದು ನೋಟು ಮಡಚಿ ಹುಡುಗನ ಚಡ್ಡಿ ಜೇಬಿಗೆ ತುರುಕಿದಳು.