ಕ್ಯಾಲಿಫೋರ್ನಿಯಾದ ಶಾಲಾ ಅರ್ಜಿಯಲ್ಲಿ 'ಕನ್ನಡ' ಎಂದು ಬರೆದ ಮೇಲೆ

ಕ್ಯಾಲಿಫೋರ್ನಿಯಾಕ್ಕೆ ಬಂದು ಮಗುವನ್ನು ಶಾಲೆಗೆ ಸೇರಿಸುವವರಿಗೆ ವಿಳಾಸದ ಪುರಾವೆ, ಲಸಿಕೆಯ ದಾಖಲೆ, ಯಾವ ಶಾಲೆಗೆ ಎಷ್ಟು ರೇಟಿಂಗ್ ಎಂಬುದನ್ನೆಲ್ಲ ಆಫೀಸಿನ ಗೆಳೆಯರು ಮೊದಲ ವಾರವೇ ಹೇಳಿರುತ್ತಾರೆ. ಯಾರೂ ಹೇಳದೆ ಬಿಡುವುದು ಅರ್ಜಿಯ ಕಟ್ಟಿನ ನಡುವೆ ಇರುವ ಒಂದು ಹಾಳೆಯ ವಿಷಯ. ಹೋಮ್ ಲ್ಯಾಂಗ್ವೇಜ್ ಸರ್ವೆ ಎಂದು ಅದರ ಹೆಸರು. ನಾಲ್ಕೇ ಪ್ರಶ್ನೆ: ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಮನೆಯಲ್ಲಿ ಅದು ಹೆಚ್ಚಾಗಿ ಆಡುವುದು ಯಾವುದನ್ನು, ಅಪ್ಪ ಅಮ್ಮ ಮಗುವಿನ ಜೊತೆ ಆಡುವುದು ಯಾವುದನ್ನು, ಮನೆಯ ದೊಡ್ಡವರ ಭಾಷೆ ಯಾವುದು. ಊರಿನ ಶಾಲೆಯಲ್ಲಿ 'ಮಾತೃಭಾಷೆ' ಎಂಬ ಕಾಲಮ್ಮಿನಲ್ಲಿ ಕನ್ನಡ ಎಂದು ಬರೆದು ಮರೆತಂತೆ ಇಲ್ಲೂ ಬರೆದು ಸಹಿ ಹಾಕಿಬಿಡುತ್ತಾರೆ. ಊರಿನಲ್ಲಿ ಆ ಕಾಲಮ್ಮಿನಿಂದ ಮಗುವಿನ ಟೈಮ್‌ಟೇಬಲ್ ಬದಲಾಗುವುದಿಲ್ಲ. ಇಲ್ಲಿ ಬದಲಾಗುತ್ತದೆ.

ಮೊದಲ ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಉತ್ತರ ಬಂದರೂ ಸಾಕು, ಶಾಲೆ 30 ದಿನಗಳೊಳಗೆ ಇನಿಷಿಯಲ್ ಈಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ ಮಾಡಲೇಬೇಕು. ಪಾಸಾದರೆ ಆ ಮಾತು ಅಲ್ಲಿಗೇ ಮುಗಿಯಿತು. ಆಗದಿದ್ದರೆ ಮಗುವಿನ ಕಡತದಲ್ಲಿ 'ಇಂಗ್ಲಿಷ್ ಲರ್ನರ್' ಎಂಬ ಗುರುತು ಬೀಳುತ್ತದೆ; ಇಂಗ್ಲಿಷ್ ಕಲಿಕೆಯ ವಿಶೇಷ ತರಗತಿ, ಪ್ರತಿ ವರ್ಷ ಒಂದು ಪರೀಕ್ಷೆ ಶುರುವಾಗುತ್ತದೆ. ಒಳಗೆ ಹೋಗಲು ಒಂದು ಪರೀಕ್ಷೆ, ಹೊರಗೆ ಬರಲು ನಾಲ್ಕು ಷರತ್ತು.

ಇದನ್ನು ಕೇಳಿದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಬರುವ ಸಲಹೆ ಒಂದೇ: "ಎಲ್ಲದಕ್ಕೂ ಇಂಗ್ಲಿಷ್ ಅಂತ ಬರೆದುಬಿಡಿ." ದಯವಿಟ್ಟು ಹಾಗೆ ಮಾಡಬೇಡಿ. ಈ ಹಾಳೆ ಎಲ್ಲಿಂದ ಬಂತು ಎಂದು ತಿಳಿದರೆ ಕಾರಣ ಅರ್ಥವಾಗುತ್ತದೆ.

ಇದೇ ರಾಜ್ಯದಲ್ಲಿ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸರ್ಕಾರಿ ಶಾಲೆ ಮೇಮಿ ಟೇಪ್ ಎಂಬ ಎಂಟು ವರ್ಷದ ಹುಡುಗಿಯನ್ನು ಚೀನೀ ಎಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಅವಳು ಚೆನ್ನಾಗಿ ಇಂಗ್ಲಿಷ್ ಆಡುತ್ತಿದ್ದಳು. 1885ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಳು. ಆದರೆ ಶಾಸನಸಭೆ ಕಾನೂನನ್ನೇ ತಿದ್ದಿ ಏಷ್ಯನ್ನರಿಗೆ ಪ್ರತ್ಯೇಕ ಶಾಲೆಗೆ ದಾರಿ ಮಾಡಿತು, ಅವಳು ಅಲ್ಲಿಗೇ ಹೋಗಬೇಕಾಯಿತು. ಅಂದು ಕಾರಣವನ್ನು ಮುಚ್ಚಿಡುವ ಗೋಜೂ ಇರಲಿಲ್ಲ. ಆಮೇಲೆ ಅದಕ್ಕೆ ವಿಜ್ಞಾನದ ಹೊದಿಕೆ ಬಂತು. ಸ್ಟ್ಯಾನ್‌ಫರ್ಡಿನ ಮನಃಶಾಸ್ತ್ರಜ್ಞ ಲೂಯಿಸ್ ಟರ್ಮನ್ 1916ರಲ್ಲಿ ಸ್ಟ್ಯಾನ್‌ಫರ್ಡ್-ಬಿನೆ ಬುದ್ಧಿ ಪರೀಕ್ಷೆಯನ್ನು ಹೊರತಂದರು. ಮೆಕ್ಸಿಕನ್, ಮೂಲನಿವಾಸಿ, ಕಪ್ಪು ಮಕ್ಕಳ 'ಮಂದಬುದ್ಧಿ' ಜನಾಂಗದಿಂದಲೇ ಬಂದದ್ದಿರಬಹುದು, ಅವರನ್ನು ಬೇರೆ ತರಗತಿಗಳಲ್ಲಿ ಕೂರಿಸಬೇಕು ಎಂದೂ ಬರೆದರು. ಮಗುವಿಗೆ ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ಅದನ್ನು ರಕ್ತದ ದೋಷ ಎಂದು ಲೆಕ್ಕ ಹಾಕುವುದು ಆ ಕಾಲದ ಪದ್ಧತಿ. ಪಾಲೋ ಆಲ್ಟೋದ ಒಂದು ಮಿಡಲ್ ಸ್ಕೂಲಿಗೆ ಟರ್ಮನ್ ಹೆಸರೇ ಇತ್ತು, 2018ರಲ್ಲಿ ಬದಲಾಯಿತು.

ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಮೆಕ್ಸಿಕನ್ ಮಕ್ಕಳಿಗೆ ಬೇರೆ ಶಾಲೆಗಳಿದ್ದವು. 'ಇಂಗ್ಲಿಷ್ ಬರುವುದಿಲ್ಲ' ಎಂಬುದು ಅದಕ್ಕೆ ಕೊಟ್ಟ ನೆಪ. ಮೆಂಡೆಜ್ ಕುಟುಂಬದ ಮಕ್ಕಳನ್ನು ವಾಪಸ್ ಕಳಿಸಿದ ಶಾಲೆ, ಅವರ ಜೊತೆಗೇ ಬಂದಿದ್ದ ಬಿಳಿ ಮೈಬಣ್ಣದ ಸೋದರತ್ತೆಯ ಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ಆ ಕುಟುಂಬ ಹೂಡಿದ ಮೊಕದ್ದಮೆಯಲ್ಲಿ 1946ರಲ್ಲಿ ತೀರ್ಪಿತ್ತ ನ್ಯಾಯಾಧೀಶರು, ಮಕ್ಕಳಿಗೆ ಮಾಡುತ್ತಿದ್ದ ಭಾಷಾ ಪರೀಕ್ಷೆಗಳು ಅವಸರದವು, ಮೇಲುಮೇಲಿನವು, ನಂಬಲಾಗದವು ಎಂದರು. ಮರುವರ್ಷ ಮೇಲ್ಮನವಿಯಲ್ಲೂ ಕುಟುಂಬವೇ ಗೆದ್ದಿತು. ಜನಾಂಗದ ಆಧಾರದ ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂದ ಬ್ರೌನ್ ಮೊಕದ್ದಮೆಯ 1954ರ ತೀರ್ಪಿಗೂ ಇದು ಮೊದಲು.

ಇನ್ನೊಂದು ತುದಿ 1974ರ ಲಾವ್ ಮೊಕದ್ದಮೆ. ಸ್ಯಾನ್ ಫ್ರಾನ್ಸಿಸ್ಕೋದ ಸುಮಾರು 1,800 ಚೀನೀ ಮಕ್ಕಳನ್ನು ಎಲ್ಲರ ಜೊತೆ ಕೂರಿಸಿದ್ದರು, ಅರ್ಥವಾಗದ ಭಾಷೆಯಲ್ಲಿ ಪಾಠ ಮಾಡುತ್ತಿದ್ದರು, ಯಾವ ನೆರವೂ ಇರಲಿಲ್ಲ. ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟರೆ ಸಮಾನತೆ ಆಗುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಯಾವ ಮಗುವಿಗೆ ನೆರವು ಬೇಕು ಎಂದು ಹುಡುಕುವ ಹೊಣೆ ಶಾಲೆಯ ಮೇಲೆ ಬಿದ್ದದ್ದು ಆಮೇಲೆ. ನಿಮ್ಮ ಕೈಗೆ ಬಂದಿರುವ ಹಾಳೆ ಆ ಹೊಣೆಯ ಮೊದಲ ಮೆಟ್ಟಿಲು. ಸುಳ್ಳು ಬರೆದರೆ, ನಿಜವಾಗಿ ತೊಡಕಿರುವ ಮಗುವಿಗೆ ಹೋರಾಡಿ ಪಡೆದ ನೆರವನ್ನು ನೀವೇ ತಪ್ಪಿಸಿದಂತಾಗುತ್ತದೆ. ಈ ವಿಷಯದಲ್ಲಿ ನಮ್ಮೂರಿಗಿಂತ ಇಲ್ಲಿಯ ಕಾನೂನು ಮೇಲು. ತುಳುವೋ ಲಂಬಾಣಿಯೋ ಆಡುವ ಮಗು ಕನ್ನಡ ಶಾಲೆಯ ಹಿಂದಿನ ಬೆಂಚಿನಲ್ಲಿ ತೆಪ್ಪಗೆ ಕೂತಿದ್ದರೆ, ಅದನ್ನು ಗುರುತಿಸಿ ನೆರವು ಕೊಡುವ ಇಂಥ ಪರೀಕ್ಷೆ ನಮ್ಮಲ್ಲಿ ಇಲ್ಲ.

ಆದರೆ ಗುರುತು ಬಿದ್ದ ಮೇಲೆ ಸುಮ್ಮನಿರುವುದು ದೊಡ್ಡ ತಪ್ಪು. ಬಹಳ ಮಂದಿ ಎಡವುವುದು ಇಲ್ಲೇ.

ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂ ಓದಿದ ಮಗುವೂ ಮೊದಲ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ನಿದ್ದೆ ಇನ್ನೂ ಈ ದೇಶದ ಗಡಿಯಾರಕ್ಕೆ ಹೊಂದಿರುವುದಿಲ್ಲ. ಗುರುತಿಲ್ಲದವರೊಬ್ಬರು ಎದುರು ಕೂತು ಚಿತ್ರ ತೋರಿಸುತ್ತಾರೆ, ಕಥೆ ಕೇಳಿಸಿ ತಿರುಗಿ ಹೇಳು ಎನ್ನುತ್ತಾರೆ, ಎರಡರಲ್ಲಿ ಯಾವುದು ಇಷ್ಟ, ಏಕೆ ಎನ್ನುತ್ತಾರೆ. ಇಂಥ ಪ್ರಶ್ನೆಗಳಿಗೆ ಒಂದೇ ಪದದಲ್ಲಿ ಉತ್ತರಿಸಿದರೆ, ತಲೆಯಾಡಿಸಿದರೆ ಪೂರ್ತಿ ಅಂಕ ಸಿಗುವುದು ಕಷ್ಟ. ಹಾಗಾಗಿ ಪರೀಕ್ಷೆ ಯಾವ ದಿನ ಎಂದು ಕೇಳಿಕೊಳ್ಳಿ. 30 ದಿನದ ಗಡುವಿನಲ್ಲಿ ಕೊನೆಯ ವಾರದ ದಿನವನ್ನು ಕೇಳುವುದರಲ್ಲಿ ತಪ್ಪಿಲ್ಲ. ಪೂರ್ತಿ ವಾಕ್ಯದಲ್ಲಿ ಉತ್ತರಿಸುವುದನ್ನು, 'ಏಕೆ' ಎಂದರೆ ಕಾರಣ ಹೇಳುವುದನ್ನು ಮನೆಯಲ್ಲಿ ಆಡಿಸಿ ರೂಢಿ ಮಾಡಿ. ಹಾಳೆಯಲ್ಲಿ ನಿಜವಾಗಿಯೂ ತಪ್ಪಾಗಿದ್ದರೆ, ಉದಾಹರಣೆಗೆ ಮಗು ಮನೆಯಲ್ಲಿ ಆಡುವುದು ಇಂಗ್ಲಿಷನ್ನೇ ಆಗಿದ್ದೂ ಅಭಿಮಾನಕ್ಕೆ ಕನ್ನಡ ಎಂದು ಬರೆದಿದ್ದರೆ, ಪರೀಕ್ಷೆಗೆ ಮೊದಲೇ ತಿದ್ದಿಸಿ. ಪರೀಕ್ಷೆ ಮುಗಿದ ಮೇಲೆ ತಿದ್ದಿದರೆ ಗುರುತು ಅಳಿಯುವುದಿಲ್ಲ. ಫಲಿತಾಂಶವೇ ತಪ್ಪು ಎನಿಸಿದರೆ ಮರುಪರಿಶೀಲನೆಗೆ ಬರವಣಿಗೆಯಲ್ಲಿ ಕೇಳಿ, ಅದೂ ಮೊದಲ ವಾರ್ಷಿಕ ಪರೀಕ್ಷೆಗೆ ಮುಂಚೆ. ವಾರ್ಷಿಕ ಪರೀಕ್ಷೆ ಫೆಬ್ರವರಿಯಿಂದ ಮೇ ಒಳಗೆ ನಡೆಯುತ್ತದೆ.

'ಆ ವಿಶೇಷ ತರಗತಿ ಬೇಡ' ಎಂದು ಬರೆದುಕೊಡುವ ಹಕ್ಕು ನಿಮಗಿದೆ. ಆದರೆ ತರಗತಿ ಬಿಟ್ಟರೂ ಗುರುತು ಹೋಗುವುದಿಲ್ಲ, ವಾರ್ಷಿಕ ಪರೀಕ್ಷೆಯೂ ತಪ್ಪುವುದಿಲ್ಲ.

ಹೊರಗೆ ಬರುವ ನಾಲ್ಕು ಷರತ್ತುಗಳು ಇವು: ವಾರ್ಷಿಕ ಈಎಲ್‌ಪ್ಯಾಕ್‌ನಲ್ಲಿ ಒಟ್ಟಾರೆ 4ನೇ ಹಂತ, ಟೀಚರ್ ಅಭಿಪ್ರಾಯ, ಪೋಷಕರ ಜೊತೆ ಸಮಾಲೋಚನೆ, ಓದು-ಬರಹದಲ್ಲಿ ಇಂಗ್ಲಿಷ್ ಬಲ್ಲ ಓರಗೆಯ ಮಕ್ಕಳ ಜೊತೆ ಹೋಲಿಕೆ. ಕೊನೆಯದಕ್ಕೆ ಯಾವ ಪರೀಕ್ಷೆ, ಎಷ್ಟು ಅಂಕ ಎಂದು ಗೊತ್ತುಮಾಡುವುದು ಆಯಾ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಶಾಲೆಗಳ ಆಡಳಿತ. 4ನೇ ಹಂತ ಬಂದಿದ್ದರೂ ಟೀಚರ್ ಫಾರಂ ತುಂಬಿಲ್ಲವೆಂದೋ, ಓದಿನ ಪರೀಕ್ಷೆಯಲ್ಲಿ ಸ್ವಲ್ಪ ಕಡಿಮೆಯಾಯಿತೆಂದೋ ಮಗು ಇನ್ನೊಂದು ವರ್ಷ ಅಲ್ಲೇ ಉಳಿಯುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಪ್ರೈಮರಿಯಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಮಿಡಲ್ ಸ್ಕೂಲಿಗೆ ಬಂದರೆ ದಿನದ ಒಂದು ಪೀರಿಯಡ್ ಇಂಗ್ಲಿಷ್ ಕಲಿಕೆಗೆ ಹೋಗುತ್ತದೆ, ಅದರಿಂದ ಸಂಗೀತವೋ ಕಂಪ್ಯೂಟರೋ ಕೈತಪ್ಪಬಹುದು. ಹಾಗಾಗಿ ಪ್ರತಿ ವರ್ಷ ಶಾಲೆ ಶುರುವಾದ ತಿಂಗಳಲ್ಲೇ ಆಫೀಸಿಗೆ ಇಮೇಲ್ ಬರೆದು, ನಾಲ್ಕರಲ್ಲಿ ಯಾವುದು ಬಾಕಿ ಎಂದು ಕೇಳಿ. ಐದನೇ ತರಗತಿ ಮುಗಿಯುವುದರೊಳಗೆ ಹೊರಬರುವಂತೆ ಲೆಕ್ಕ ಹಾಕಿಕೊಳ್ಳಿ.

ಈ ಗಾಬರಿಯಲ್ಲಿ ಮನೆಯೊಳಗೆ ಕನ್ನಡ ನಿಲ್ಲಿಸುವವರೂ ಇದ್ದಾರೆ. ಎರಡು ಭಾಷೆ ಮಗುವಿನ ಬುದ್ಧಿಗೆ ಭಾರ ಎಂಬ ನಂಬಿಕೆಯೂ ಆ ಬುದ್ಧಿ ಪರೀಕ್ಷೆಗಳ ಕಾಲದ್ದೇ. ಮಾಂಟ್ರಿಯಲ್‌ನ ಹತ್ತು ವರ್ಷದ ಮಕ್ಕಳ ಮೇಲೆ ಪೀಲ್ ಮತ್ತು ಲ್ಯಾಂಬರ್ಟ್ ನಡೆಸಿದ ಅಧ್ಯಯನದಲ್ಲಿ ಎರಡೂ ಭಾಷೆ ಬಲ್ಲವರೇ ಮುಂದಿದ್ದರು. ಅದು ಪ್ರಕಟವಾದದ್ದು 1962ರಲ್ಲಿ. ರಾತ್ರಿ ಕನ್ನಡದಲ್ಲೇ ಕಥೆ ಹೇಳಿ, ತಿರುಗಿ ಹೇಳು ಎನ್ನಿ. ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ.