ಕೈಗೆ ಕೆಲಸ ಕೊಟ್ಟ ಮೇಲೆ ಬಾಯಿ ಬಿಟ್ಟರು

ಮನಸ್ಸು ಕುಗ್ಗಿದವರಿಗಾಗಿ ನಾನು ನಡೆಸುವ ಗುಂಪಿಗೆ ಮೂರು ವರ್ಷ ತುಂಬಿತು. "ಇದು ಆರು ತಿಂಗಳೂ ನಡೆಯಲ್ಲ" ಎಂದಿದ್ದ ಮೇಲ್ವಿಚಾರಕರೇ ಹೋದ ವಾರ ಬಂದು, ಹೇಗೆ ಮಾಡಿದಿರಿ ಎಂದು ಕೇಳಿದರು. ಅವರಿಗೆ ಅರ್ಧ ಹೇಳಿದೆ. ಇಲ್ಲಿ ಮುಕ್ಕಾಲು ಹೇಳುತ್ತೇನೆ.

ಮೊದಲ ವರ್ಷ ಪೂರ್ತಿ ದಂಡ. ಬಾಡಿಗೆ ಹಾಲ್ ಹಿಡಿದೆ. 'ಮಾನಸಿಕ ಆರೋಗ್ಯ ಬೆಂಬಲ ಗುಂಪು' ಎಂದು ದಪ್ಪ ಅಕ್ಷರದ ಬ್ಯಾನರ್ ಕಟ್ಟಿಸಿದೆ. ಕುರ್ಚಿಗಳನ್ನು ಸುತ್ತ ಹಾಕಿ, ಮನಸ್ಸು ಬಿಚ್ಚಿ ಮಾತಾಡಿ ಎಂದೆ. ಮೊದಲ ದಿನ ಇಪ್ಪತ್ತೈದು ಜನ ಇದ್ದಿರಬಹುದು. ಐದನೇ ವಾರ ನಾಲ್ವರು, ಅದರಲ್ಲಿ ಒಬ್ಬರು ಹಾಲ್‌ನ ಬೀಗ ತೆಗೆಯುವವರು. ಸಿಕ್ಕಿದ್ದ ಸಣ್ಣ ಅನುದಾನದಲ್ಲಿ ಮುಕ್ಕಾಲು ಪಾಲು ಬಾಡಿಗೆ, ಬ್ಯಾನರಿಗೇ ಹೋಯಿತು. ಉಳಿದದ್ದು ಭಾಷಣ ಮಾಡಲು ಬಂದವರ ಓಡಾಟದ ಖರ್ಚಿಗೆ. ಕೊನೆಗೆ ನನ್ನ ಒಂದು ತಿಂಗಳ ಸಂಬಳವೂ ಕರಗಿತು. ಮನೆಯಲ್ಲಿ ಇನ್ನೂ ಲೆಕ್ಕ ಕೊಟ್ಟಿಲ್ಲ.

ಆಮೇಲೆ ನಡಿಗೆ ಗುಂಪು. ವಾರಕ್ಕೆ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹಿಡಿದು, ಐದು ದಿನ ಅರ್ಧರ್ಧ ಗಂಟೆ ಇಟ್ಟೆ. ಹಾಸಿಗೆ ಬಿಟ್ಟು ಏಳುವುದೇ ಕಷ್ಟ ಇರುವವರಿಗೆ ಐದು ದಿನ ಅಂದರೆ ಐದು ಸಲ ಸೋತ ಹಾಗೆ. ಚುರುಕಾದವರು ಮುಂದೆ ಹೋದರು, ಹಿಂದೆ ಬಿದ್ದವರು ಬರುವುದನ್ನೇ ಬಿಟ್ಟರು.

ದಾರಿ ತೋರಿಸಿದ್ದು ಒಂದು ಕೆಟ್ಟ ಟೇಬಲ್ ಫ್ಯಾನ್. ಏಳೆಂಟು ವಾರ ತುಟಿ ಬಿಚ್ಚದೆ ಕೂತಿದ್ದ ಹಿರಿಯರೊಬ್ಬರು ಎದ್ದು, "ಸ್ಕ್ರೂಡ್ರೈವರ್ ಇದೆಯಾ?" ಎಂದರು. ಬಿಚ್ಚುತ್ತಾ ಬಿಚ್ಚುತ್ತಾ, ಟಾರ್ಚ್ ಹಿಡಿದವರಿಗೆ ಹೆಂಡತಿ ತೀರಿಕೊಂಡ ಮೇಲೆ ನಿದ್ದೆಯೇ ಇಲ್ಲ ಎಂದು ಹೇಳಿದರು. ಇಬ್ಬರೂ ಫ್ಯಾನ್ ನೋಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಗಂಡಸರು ಒಟ್ಟಿಗೆ ಸೇರಿ ಕೈಕೆಲಸ ಮಾಡುವ ಆಸ್ಟ್ರೇಲಿಯಾದ 'ಮೆನ್ಸ್ ಶೆಡ್' ಬಗ್ಗೆ ಓದಿದ್ದೆ. ಗಂಡಸರು ಎದುರುಬದುರು ಕೂತರೆ ಮಾತಾಡುವುದಿಲ್ಲ, ಪಕ್ಕದಲ್ಲಿ ನಿಂತು ಕೆಲಸ ಮಾಡುವಾಗ ಮಾತಾಡುತ್ತಾರೆ ಎನ್ನುವುದು ಅವರ ತತ್ವ. ಅವತ್ತು ಕಣ್ಣಾರೆ ಕಂಡೆ. ಹೆಂಗಸರದ್ದೂ ಅದೇ ಕಥೆ ಎಂದು ಆಮೇಲೆ ಗೊತ್ತಾಯಿತು.

ಮುಂದಿನ ವಾರವೇ ಬ್ಯಾನರ್ ಮಡಚಿದೆ. 'ರಿಪೇರಿ ಟೇಬಲ್' ಎಂದು ಹೆಸರಿಟ್ಟೆ. ವಾರಕ್ಕೊಂದು ದಿನ, ಎರಡು ಗಂಟೆ. ಸುತ್ತಲಿನವರು ಕೆಟ್ಟ ವಸ್ತು ತರುತ್ತಾರೆ, ನಮ್ಮವರು ಸರಿ ಮಾಡುತ್ತಾರೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ರಿಪೇರಿ ಕೆಫೆಯ ಉಪಾಯವೇ, ನಾನೇನೂ ಕಂಡುಹಿಡಿದಿಲ್ಲ. ಒಂದು ಗ್ರಂಥಾಲಯದ ಮೂಲೆ ಪುಕ್ಕಟೆ ಸಿಕ್ಕಿತು. ಬದಲಿಗೆ ಅವರ ಮುರಿದ ಕುರ್ಚಿ ನಮ್ಮ ಪಾಲು. ಸೆಕೆಂಡ್ ಹ್ಯಾಂಡ್ ಉಪಕರಣಗಳಿಗೆ ಆದ ಖರ್ಚು ಆ ಬ್ಯಾನರಿಗಿಂತ ಕಡಿಮೆ!

ಇನ್ನು ಗುಟ್ಟು. ಪ್ರತಿಯೊಬ್ಬರ ಹೆಸರಿಗೂ ಒಂದು ಸಣ್ಣ ಕೆಲಸ ಇರುತ್ತದೆ. ಒಬ್ಬರಿಗೆ ರಿಜಿಸ್ಟರ್, ಇನ್ನೊಬ್ಬರಿಗೆ ಸ್ಕ್ರೂ ಡಬ್ಬಿ. ಬರಲಿಲ್ಲ ಅಂದರೆ "ಯಾಕೆ ಬರಲಿಲ್ಲ?" ಎಂದು ಫೋನ್ ಮಾಡುವುದಿಲ್ಲ. "ಡಬ್ಬಿ ಎಲ್ಲಿಟ್ಟಿದ್ದೀರಿ?" ಎಂದು ಕೇಳುತ್ತೇವೆ. ಮೊದಲ ದಿನ ಯಾರಿಗೆ ಯಾವ ಕೆಲಸ ಎಂದು ಹೇಗೆ ನಿರ್ಧರಿಸುತ್ತೇನೆ? ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ಹಾಡಿನ ಗುಂಪು ನನಗೊಬ್ಬನಿಗೇ ಇಷ್ಟವಾಯಿತು. ವಾಟ್ಸಾಪ್ ಗುಂಪು ಶುಭೋದಯದ ಚಿತ್ರಗಳಲ್ಲಿ ಮುಳುಗಿತು. ಹೂಕುಂಡ ಮಾತ್ರ ನಿಜಕ್ಕೂ ಪೆಟ್ಟು ಕೊಟ್ಟಿತು. ತಲೆಗೊಂದು ಗಿಡ ಕೊಟ್ಟಿದ್ದೆ. ರಜೆಯಲ್ಲಿ ಒಂದು ಒಣಗಿತು. "ಇದೂ ನನ್ನಿಂದಲೇ ಸತ್ತಿತು" ಎಂದು ಒಬ್ಬಾಕೆ ಅತ್ತರು. ಎರಡು ವಾರ ಬರಲಿಲ್ಲ. ಈಗ ಗಿಡವನ್ನು ಒಬ್ಬರ ಹೆಸರಿಗೆ ಕೊಡುವುದಿಲ್ಲ. ಇಬ್ಬರಿಗೊಂದು, ಅದೂ ಮೂರ್ನಾಲ್ಕು ತಿಂಗಳ ಮೇಲೆ.

ಅಂಕ ಕೇಳುವವರಿಗೆ: ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9 ಅನ್ನು ಬರುವಾಗ ಒಮ್ಮೆ, ಹನ್ನೆರಡು ವಾರ ಆದ ಮೇಲೆ ಒಮ್ಮೆ ತುಂಬಿಸಿದೆ. ಅಂಕ ಇಳಿದಷ್ಟೂ ಒಳ್ಳೆಯದು. ಹದಿನೆಂಟು ಜನರಲ್ಲಿ ಹನ್ನೊಂದೋ ಹನ್ನೆರಡೋ ಮಂದಿಗೆ ಐದಕ್ಕಿಂತ ಜಾಸ್ತಿ ಇಳಿದಿತ್ತು. ಒಬ್ಬರಿಗೆ ಏರಿತು. ಕೆಲವರು ಮಾತ್ರೆಯಲ್ಲೂ ಇದ್ದರು, ಹಾಗಾಗಿ ಪೂರ್ತಿ ಹೆಗ್ಗಳಿಕೆ ನನ್ನದಲ್ಲ. ಸ್ವಲ್ಪ ಇದೆ ಬಿಡಿ. ಸಾಯುವ, ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂದು ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಏನೇ ಗುರುತು ಹಾಕಿದರೂ ಅವತ್ತೇ ಪಕ್ಕಕ್ಕೆ ಕರೆದು ಮಾತಾಡಿ, ಡಾಕ್ಟರ ಹತ್ತಿರ ನಾನೇ ಕರೆದೊಯ್ಯುತ್ತೇನೆ. ಅಲ್ಲಿ ಸ್ಕ್ರೂಡ್ರೈವರ್ ಸಾಲದು.

ಈಗ ಎರಡು ಹಳೇ ಹೊಲಿಗೆ ಯಂತ್ರ ಬಂದಿವೆ. ಒಂದಕ್ಕೆ ಬಾಬಿನ್ ಕೇಸ್ ಇಲ್ಲ. ಅದನ್ನು ಹುಡುಕಿ ತರುವ ಕೆಲಸವನ್ನು ಆ ಮೇಲ್ವಿಚಾರಕರ ಹೆಸರಿಗೇ ಬರೆದಿದ್ದೇನೆ.