ಮನಸ್ಸು ಭಾರ ಅನ್ನಿಸಿದಾಗ ಅಂತರಗಂಗೆ ಕಡೆ ಹೋಗಿ ಬನ್ನಿ

ಕೋಲಾರದವರಿಗೆ ಒಂದು ಸಲಹೆ. ತಲೆಯಲ್ಲಿ ಒಂದೇ ಯೋಚನೆ ಗಿರಕಿ ಹೊಡೆಯುತ್ತಿದ್ದರೆ ಬೆಳಿಗ್ಗೆ ಬೇಗ ಊರ ಪಕ್ಕದ, ಶಿವನ ಗುಡಿ ಇರುವ ಅಂತರಗಂಗೆ ಬೆಟ್ಟ ಹತ್ತಿ. ಫೋನ್ ಸೈಲೆಂಟ್ ಮಾಡಿ ಜೇಬಿನಲ್ಲಿಡಿ. ಮೆಟ್ಟಿಲು ಹತ್ತುವಾಗ ಮಾತು ಬೇಡ, ಅವಸರವೂ ಬೇಡ. ಮೇಲೆ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲ್ಲ, ಅದರ ಹತ್ತಿರ ಸುಮ್ನೆ ಕೂತುಕೊಳ್ಳಿ. ಉಸಿರು ಎಳೆದುಕೊಳ್ಳುವಾಗ 4 ಎಣಿಸಿ, ಬಿಡುವಾಗ 6. ಉಸಿರನ್ನು ನಿಧಾನವಾಗಿ ಬಿಟ್ಟಾಗ ಎದೆಬಡಿತವೂ ನಿಧಾನವಾಗುತ್ತದೆ, ಬಿಗಿದ ಭುಜ ಸಡಿಲವಾಗುತ್ತದೆ. ಎಣಿಸುವ ಬದಲು ‘ಓಂ ನಮಃ ಶಿವಾಯ’ ಅಂದುಕೊಂಡರೂ ಸರಿ. ದೇವರನ್ನು ನಂಬದವರಿಗೆ ನೀರಿನ ಸದ್ದೇ ಸಾಕು. ಹರಕೆ, ಬೇಡಿಕೆಗಳ ಪಟ್ಟಿ ಆಮೇಲೆ ಇದ್ದೇ ಇರುತ್ತದೆ, ಅಲ್ವಾ?

ಅಂದಹಾಗೆ, ಬಾಳೆಹಣ್ಣಿನ ಕವರ್ ಕೈಯಲ್ಲಿ ಹಿಡಿದು ಹೋಗಬೇಡಿ. ಕೋತಿ ಕಿತ್ತುಕೊಂಡರೆ ನೆಮ್ಮದಿ ಅಲ್ಲಿಗೇ ಮುಗಿಯಿತು! ಮಂಡಿನೋವು ಇರುವವರು ಈ ಉಸಿರಿನ ಅಭ್ಯಾಸವನ್ನು ಮನೆ ಜಗಲಿಯಲ್ಲೇ ಮಾಡಬಹುದು.

ಆದರೆ ಎರಡು ವಾರದಿಂದ ನಿದ್ದೆ ಸರಿಯಿಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ಪೂಜೆ, ಧ್ಯಾನ ಅಂತ ದಿನ ತಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.